ಬಾಗಿಲು ಮುಚ್ಚಿದ ಮೇಲೂ ಉರಿಯುವ ದೀಪ

“ಬಂದ ನೋಡು ನಿನ್ನ ಡಾಕ್ಟ್ರು,” ಎಂದ ಮಾವ, ಲಾರಿಯಡಿಯಿಂದ ತಲೆಯನ್ನಷ್ಟೇ ಹೊರಗೆ ಹಾಕಿ. “ಮತ್ತೆ ವ್ಯಾನಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದಾನೆ. ಬ್ಯಾಟರಿಗೆ ಏನೂ ಆಗಿಲ್ಲ ಕಣೇ. ಇಲ್ಲಿಗೆ ಬರೋಕಂತಲೇ ರಾತ್ರಿಯೆಲ್ಲ ಲೈಟ್ ಹಾಕಿಟ್ಟಿರ್ತಾನೆ.”

“ಸುಮ್ನಿರು ಮಾವ,” ಎಂದಳು. ಕೆನ್ನೆ ಬಿಸಿಯಾಯಿತು. ಒರೆಸಿಟ್ಟಿದ್ದ ಸ್ಪ್ಯಾನರನ್ನೇ ಮತ್ತೆ ಒರೆಸತೊಡಗಿದಳು.

ಆ ಬೀದಿಯವರೆಲ್ಲ ಅವಳನ್ನು ಕರೆಂಟಕ್ಕ ಎನ್ನುತ್ತಿದ್ದರು. ಸೋದರಮಾವನ ಗ್ಯಾರೇಜಿನಲ್ಲಿ ಎಂಜಿನ್ ಕೆಲಸ ಅವನದು, ವೈರಿಂಗ್ ಎಲ್ಲ ಇವಳದು. ಯಾವ ತಂತಿ ಮುನಿಸಿಕೊಂಡಿದೆ ಎಂದು ಹುಡುಕಿ ತೆಗೆಯುವವರೆಗೆ ಅವಳಿಗೆ ಊಟ ರುಚಿಸದು. ದನದ ಡಾಕ್ಟರ ಈ ಹಳೇ ವ್ಯಾನು ಮಾತ್ರ ಅವಳ ತಲೆ ತಿನ್ನುತ್ತಿತ್ತು. ಚಾರ್ಜ್ ಮಾಡಿ ಕಳಿಸಿದರೆ ದಿನವಿಡೀ ಚೆನ್ನಾಗಿ ಓಡುತ್ತದೆ; ಬೆಳಗಾಗುವಷ್ಟರಲ್ಲಿ ಹೆಣ.

ಡಾಕ್ಟರು ಇಳಿದರು. ಎಂದಿನ ನಗು ಇರಲಿಲ್ಲ.

“ಗಾಡಿ ಸ್ಟಾರ್ಟ್ ಆಗದೆ ಇವತ್ತು ತಡವಾಗಿಬಿಡ್ತು ರೀ. ಯಾರದೋ ಬೈಕ್ ಹತ್ತಿ ನಾನು ಹೋಗೋಷ್ಟರಲ್ಲಿ ಕರು ಉಳಿದಿರಲಿಲ್ಲ.” ಅವರು ಬಾನೆಟ್ಟನ್ನೇ ನೋಡುತ್ತ ನಿಂತರು. “ಈ ಸಲವೂ ಸರಿಹೋಗದಿದ್ರೆ ಗುಜರಿಗೆ ಹಾಕ್ತೀನಿ. ಬೇರೆ ಊರಿನ ಲ್ಯಾಬ್‌ನವರು ಕೆಲಸಕ್ಕೆ ಕರೀತಾನೇ ಇದ್ದಾರೆ, ಹೋಗಿಬಿಡ್ತೀನಿ.”

ಅವಳು ಸ್ಪ್ಯಾನರನ್ನು ಕೆಳಗಿಟ್ಟಳು. ಸರಿಹೋಗದಿದ್ದರೆ ಇವರು ಊರೇ ಬಿಡುತ್ತಾರೆ. ಸರಿಹೋದರೆ ಈ ಕಡೆ ತಲೆ ಹಾಕಲು ಕಾರಣವೇ ಉಳಿಯದು. ಏನೇ ಆಗಲಿ, ಕೆಲಸಕ್ಕೆ ಮೋಸ ಮಾಡುವ ಹೆಣ್ಣಲ್ಲ ಅವಳು.

ಗ್ಯಾರೇಜಿನ ಬ್ಯಾಟರಿ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಮೀಟರ್ ಹಿಡಿದಳು. ಹದಿನಾಲ್ಕು ವೋಲ್ಟ್.

“ಚಾರ್ಜ್ ಆಗೋದರಲ್ಲಿ ತಪ್ಪಿಲ್ಲ. ತುಂಬಿದ್ದನ್ನ ಯಾರೋ ಕದ್ದು ಕುಡೀತಿದ್ದಾರೆ.”

“ಯಾರು?” ಅವರೂ ಬಗ್ಗಿದರು. ಇಬ್ಬರ ತಲೆಗಳೂ ಮೆಲ್ಲಗೆ ಡಿಕ್ಕಿ ಹೊಡೆದವು.

“ಕಳ್ಳ ಎಂಜಿನ್ ಒಳಗಿಲ್ಲ ಬಿಡಿ, ಅಷ್ಟು ಹತ್ತಿರದಿಂದ ನೋಡ್ಬೇಡಿ,” ಎಂದಳು. ಡಾಕ್ಟರ ತುಟಿಯಂಚಿನಲ್ಲಿ ಕೊನೆಗೂ ಒಂದು ನಗು ಇಣುಕಿತು.

ಕೀಲಿ ತೆಗೆದು, ಬ್ಯಾಟರಿಗೂ ತಂತಿಗೂ ನಡುವೆ ಮೀಟರ್ ಜೋಡಿಸಿದಳು. ಎಲ್ಲ ಆಫ್ ಆಗಿದ್ದರೂ ಒಂದೂವರೆ ಆಂಪಿಯರ್ ಕರೆಂಟ್ ಹರಿಯುತ್ತಿತ್ತು. ಅವಳು ಒಂದೊಂದೇ ಫ್ಯೂಸ್ ಕೀಳುತ್ತ ಹೋದಳು. ಅವರು ಮೀಟರ್ ಕಾಯುತ್ತ ಕೂತರು.

“ಅಷ್ಟೇ ಇದೆ... ಅಷ್ಟೇ... ಬಿತ್ತು! ಸೊನ್ನೆ!” ಮಕ್ಕಳ ಹಾಗೆ ಕೂಗಿದರು.

“ಒಳಗಿನ ದೀಪಗಳ ಫ್ಯೂಸ್ ಇದು.” ಡ್ರೈವರ್ ಸೀಟಿನ ಮೇಲಿನ ದೀಪ ಮೊದಲೇ ಆರಿತ್ತು. ಉಳಿದದ್ದು ಔಷಧಿ ಪೆಟ್ಟಿಗೆಗಳಿಡುವ ಹಿಂಭಾಗ. ಅದಕ್ಕೆ ಕಿಟಕಿಯೇ ಇಲ್ಲ. “ಬಾಗಿಲು ಮುಚ್ಚಿದ ಮೇಲೆ ಅಲ್ಲಿನ ದೀಪ ಆರುತ್ತೋ ಇಲ್ವೋ, ಯಾವತ್ತಾದ್ರೂ ನೋಡಿದ್ದೀರಾ?”

“ಮುಚ್ಚಿದ ಮೇಲೆ ಹೇಗೆ ರೀ ನೋಡೋದು?”

“ಒಳಗೆ ಕೂತು.”

ಫ್ಯೂಸ್ ಮತ್ತೆ ಕೂರಿಸಿ, ಡಾಕ್ಟರನ್ನು ಒಳಗೆ ಹತ್ತಿಸಿ ಬಾಗಿಲು ಮುಚ್ಚಿದಳು. “ಉರೀತಿದೆ!” ಎಂಬ ದನಿ ಬಂತು. ಅವಳು ಬಾಗಿಲು ತೆಗೆದಳು.

“ಸ್ವಲ್ಪ ಆ ಕಡೆ ಸರೀರಿ, ನಾನೂ ನೋಡ್ಬೇಕು.”

“ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?”

“ನನ್ನ ಮಾವನಿಗಿಲ್ಲ.”

ಈ ಸಲ ಬಾಗಿಲು ಮುಚ್ಚಿದ್ದು ಮಾವ. ಒಳಗೆ ಎರಡು ಹಳೇ ಬಲ್ಬುಗಳು ನಿಗಿನಿಗಿ ಉರಿಯುತ್ತಿದ್ದವು. ಔಷಧಿಯ ವಾಸನೆಯ ನಡುವೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ. ಅವಳು ಬಾಗಿಲ ಸ್ವಿಚ್ಚನ್ನು ನೋಡಿದಳು. ಅವರು ಅವಳನ್ನು ನೋಡಿದರು. ಸ್ವಿಚ್ಚಿನ ತುದಿಯ ರಬ್ಬರ್ ಸವೆದಿತ್ತು. ಬಾಗಿಲು ಅದನ್ನು ದೀಪ ಆರುವಷ್ಟು ಒತ್ತುತ್ತಲೇ ಇರಲಿಲ್ಲ.

ಇಳಿದು ಹೊಸ ರಬ್ಬರ್ ಹಾಕಿ, ಇಬ್ಬರೂ ಮತ್ತೆ ಒಳಗೆ ಕೂತರು. ಬಾಗಿಲು ಮುಚ್ಚಿತು. ಕಗ್ಗತ್ತಲು.

“ಒಂದು ಕೇಳ್ಲಾ ಡಾಕ್ಟ್ರೇ? ನೀವೇ ಬೇಕಂತ ಲೈಟ್ ಬಿಡ್ತೀರಿ ಅಂತಾನೆ ಮಾವ.”

“ಛೇ, ಇಲ್ಲ.” ಅವರು ದನಿ ತಗ್ಗಿಸಿದರು. “ಆದ್ರೆ ನಮ್ಮ ಮನೆ ಪಕ್ಕದಲ್ಲೇ ಒಂದು ಗ್ಯಾರೇಜ್ ಇದೆ. ಅದನ್ನ ದಾಟಿ ಇಷ್ಟು ದೂರ ಎಳೆಸಿಕೊಂಡು ಬರ್ತಿದ್ದೆ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಮತ್ತೆ ಲ್ಯಾಬ್ ಕೆಲಸ?”

“ಗಾಡಿ ಸರಿಹೋಯ್ತಲ್ಲ, ಹೋಗಲ್ಲ. ಆದ್ರೆ ಇನ್ಮೇಲೆ ಏನು ನೆಪ ಹೇಳ್ಕೊಂಡು ಬರಲಿ?”

“ನೆಪ ಯಾಕೆ ಬೇಕು? ಸುಮ್ನೆ ಬನ್ನಿ. ನಾನೇನು ಬೇಡ ಅಂದ್ನಾ?”

ಕತ್ತಲಲ್ಲಿ ಒಂದು ಕೈ ತಡವರಿಸುತ್ತ ಬಂದು ಅವಳ ಕೈ ಮುಟ್ಟಿತು. ಗ್ರೀಸ್ ಮೆತ್ತಿದ ಬೆರಳುಗಳನ್ನು ಅವಳು ಹಿಂದಕ್ಕೆಳೆದುಕೊಳ್ಳಲಿಲ್ಲ.

ಹೊರಗಿನಿಂದ ಮಾವ ತಟ್ಟಿದ. “ಏನೇ, ದೀಪ ಆರಿತಾ?”

“ಇಲ್ಲ ಮಾವ,” ಎಂದು ಕೂಗಿದಳು. ಕೆಲಸದ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. “ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕು!”