ಅಮಾಸಿಸ್ ದೊರೆ ಸತ್ತ ದಿನ

"ಉಸ್ತಾದ್? ಇಷ್ಟು ಬೇಗ ಬಂದ್ರಾ?"

ಅರೆಗತ್ತಲಲ್ಲಿ ಮೇಜಿಗೆ ಬಾಗಿದ ಬೆನ್ನು ಕಂಡಿತ್ತು. ಡೆಮಿಯಾನಾ ನೆಲಮಾಳಿಗೆಯ ದೀಪ ಹಾಕಿ ಇನ್ನೆರಡು ಮೆಟ್ಟಿಲು ಇಳಿದಳು. ಲಬೀಬ್ ತದ್ರುಸ್ ಓದುವ ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದಂತಿದ್ದರು. ಬಿಳಿಗೂದಲಿಗೆ ಅಂಟಿದ ರಕ್ತ ಒಣಗಿ ಕಪ್ಪಾಗಿತ್ತು. ಹಳೆಯ ಹಾಳೆಗಳನ್ನು ಚಪ್ಪಟೆ ಮಾಡಲು ಇಡುವ ಸೀಸದ ಗುಂಡೊಂದು ನೆಲದ ಮೇಲಿತ್ತು. ಅದಕ್ಕೆ ಹೊದಿಸಿದ ಚರ್ಮ ಅವಳೇ ಹೊಲಿದದ್ದು.

ಅವಳು ಚೀರಲಿಲ್ಲ. ಮೊದಲು ನೋಡಿದ್ದು ಗೋಡೆಯ ಬದಿಯ ಗಾಜಿನ ಚೌಕಟ್ಟನ್ನು. ಪಪೈರಸ್ ಹಾಳೆ ಇದ್ದಲ್ಲೇ ಇತ್ತು. ಹೆಣದ ಮುಂದೆ ನಿಂತು ಹಾಳೆಯ ಯೋಚನೆ ಬಂದದ್ದಕ್ಕೆ ಮರುಗಳಿಗೆ ನಾಚಿಕೆಯಾಯಿತು. ಹದಿನಾರು ವರ್ಷ ಈ ಮನುಷ್ಯನ ಕೈಕೆಳಗೆ ಹಾಳೆ ಜೋಡಿಸುತ್ತಾ ಬಂದವಳು ಅವಳು.

ಅಲೆಕ್ಸಾಂಡ್ರಿಯಾದ ಆ ಸಣ್ಣ ಗ್ರಂಥಾಲಯಕ್ಕೆ ಒಂಬತ್ತರ ಹೊತ್ತಿಗೆ ಪೊಲೀಸರು ಬಂದರು. ಅಧಿಕಾರಿಯ ಹೆಸರು ತಲಾತ್. ದಪ್ಪ ಆಳು, ದನಿ ಮೆತ್ತಗೆ; ಎಲ್ಲರೂ ಮರ್ಯಾದೆಗೆ 'ಪಾಷಾ' ಎನ್ನುವವರೇ.

"ಸಂಜೆ ಬಾಗಿಲು ಹಾಕೋರು ಯಾರು?"

"ಕಾವಲುಗಾರ. ಸಾಬಿರ್ ಕಾಕಾ. ಐದು ಗಂಟೆಗೆ."

"ಕೀಲಿ?"

"ಅವರ ಹತ್ರ ಮಾತ್ರ ಇರುತ್ತೆ."

ನಿಜವನ್ನೇ ಹೇಳಿದ್ದಳು. ಮಾತನ್ನು ತೂಗಿ ಆಡುವುದು ಅವಳ ಅಭ್ಯಾಸ. ಆದರೆ ಅಧಿಕಾರಿ ಅದನ್ನು ಬರೆದುಕೊಂಡ ರೀತಿ ಅವಳಿಗೆ ಹಿಡಿಸಲಿಲ್ಲ.

ಸಾಬಿರ್ ಬಾಗಿಲ ಬಳಿ ಕಾಲು ಚಾಚಿ ಕೂತಿದ್ದ. ಅರವತ್ತು ದಾಟಿದ ಮುದುಕ.

"ಉಸ್ತಾದರು ದಿನಾ ಐದಾದ ಮೇಲೂ ಕೂರ್ತಾರೆ ಪಾಷಾ. ನಾನೇ ಬಾಗಿಲು ತೆಗೆದು ಕಳಿಸೋದು. ನಿನ್ನೆ ಬಾಗಿಲು ಹಾಕೋ ಹೊತ್ತಿಗೆ ಕೆಳಗೆ ದೀಪ ಆರಿತ್ತು. ಹೋದ್ರು ಅಂದ್ಕೊಂಡೆ."

"ಇಳಿದು ನೋಡ್ಲಿಲ್ವಾ?"

"ಮಂಡಿ ನೋವು ಪಾಷಾ. ಅಲ್ಲಾನ ಆಣೆ, ಬರೀ ಮಂಡಿ ನೋವು."

ಅಷ್ಟರಲ್ಲಿ ಡಾಕ್ಟರ್ ಮಕ್ರಮ್ ಬಿಶಾರಾ ಬಂದ. ಗ್ರೀಕ್ ಭಾಷೆಯ ಪಂಡಿತ, ಡೆಮಿಯಾನಾಳಂತೆ ಈಜಿಪ್ಟಿನ ಕ್ರೈಸ್ತ; ಚೌಕಟ್ಟಿನ ಹಾಳೆಯನ್ನು ಊರಿನ ಮುಂದಿಟ್ಟವನು ಅವನೇ. ಗೋಡೆ ಹಿಡಿದು ಅತ್ತ.

"ನಿನ್ನೆ ಸಂಜೆ ಆರಕ್ಕೆ ಇಲ್ಲಿಂದ ನನ್ನ ಮನೆಗೆ ಫೋನ್ ಮಾಡಿದ್ರು. ಎಷ್ಟು ಹೊಗಳಿದ್ರು ಗೊತ್ತಾ! ಹಾಳೆಯ ಆ ಸಾಲು ಮುತ್ತಿನಂಥದ್ದು ಮಕ್ರಮ್, ಒಂದಕ್ಷರ ತಿದ್ದೋ ಹಾಗಿಲ್ಲ ಅಂದ್ರು."

ತಲಾತ್ ತಲೆಯೆತ್ತಿದ. "ಆರಕ್ಕೆ? ಇಲ್ಲಿಂದ?"

"ಹೌದು. ಪಕ್ಕದ ಚರ್ಚಿನ ಗಂಟೆ ಫೋನಲ್ಲೇ ಕೇಳಿಸ್ತು."

ಅಲ್ಲಿಗೆ ಮುಗಿಯಿತು. ಆರಕ್ಕೆ ಉಸ್ತಾದ್ ಬದುಕಿದ್ದರು ಎಂದರೆ ಕೆಳಗೆ ದೀಪ ಉರಿಯುತ್ತಿರಬೇಕು. ಕಾವಲುಗಾರ ಆರಿತ್ತು ಎನ್ನುತ್ತಾನೆ. ಐದರ ಮೇಲೆ ಒಳಗಿದ್ದವರು ಇಬ್ಬರೇ—ಒಬ್ಬ ಹೆಣ, ಇನ್ನೊಬ್ಬ ಸಾಬಿರ್. ಸಾವು ನಾಲ್ಕರಿಂದ ಎಂಟರೊಳಗೆ ಆಗಿದೆ ಎಂದ ವೈದ್ಯನೂ ಬೇರೇನೂ ಹೇಳಲಿಲ್ಲ. ಹಳೆಯ ಸಾಮಾನು ಮಾರುವ ಗ್ರೀಕ್ ಯಾನಿಗೂ ಉಸ್ತಾದರಿಗೂ ಹೋದ ವಾರ ಜಗಳವಾಗಿತ್ತು. ಆದರೆ ಕೊಲೆಯಾದ ಬುಧವಾರ ಅವನು ಇಡೀ ದಿನ ಆಸ್ಪತ್ರೆಯಲ್ಲಿ ಹೆಂಡತಿಯ ಪಕ್ಕದಲ್ಲಿದ್ದ.

ಸಾಬಿರ್‌ನನ್ನು ಕರೆದೊಯ್ದರು. ಜೀಪು ತಾನೇ ಹತ್ತುತ್ತಾ ಅವನು ತಿರುಗಿ ನೋಡಿದ.

"ಡಾಕ್ಟ್ರಮ್ಮಾ, ನೀವಾದ್ರೂ ಹೇಳಿ."

ಡೆಮಿಯಾನಾ ಬಾಯಿ ತೆರೆದಳು. ಏನು ಹೇಳುವುದು? ಹೇಳಬೇಕಾದದ್ದನ್ನು ಆಗಲೇ ಹೇಳಿಬಿಟ್ಟಿದ್ದಳು.

ಮರುದಿನ ಶುಕ್ರವಾರ. ರಜೆಯಾದರೂ ತಲಾತ್ ಎಲ್ಲರನ್ನೂ ನೆಲಮಾಳಿಗೆಗೆ ಕರೆಸಿದ. ರಾತ್ರಿಯಿಡೀ ವಿಚಾರಿಸಿದರೂ ಮುದುಕ ಒಪ್ಪಿಕೊಂಡಿರಲಿಲ್ಲ.

"ಒಪ್ಪಿಕೊಳ್ತಾನೆ ಬಿಡಿ," ಎಂದ ತಲಾತ್. "ನನಗೆ ಬೇಕಾಗಿರೋದು ಕಾರಣ. ಈ ಹರಕು ಹಾಳೆಗೆ ಬೆಲೆ ಇದೆಯಾ?"

"ಬೆಲೆ ಕಟ್ಟೋಕಾಗಲ್ಲ," ಎಂದ ಮಕ್ರಮ್.

"ಹಾಗಾದ್ರೆ ಮುದುಕ ಅದನ್ನ ಯಾಕೆ ಎತ್ಕೊಂಡು ಹೋಗ್ಲಿಲ್ಲ? ಏನಿದೆ ಇದ್ರಲ್ಲಿ? ನನ್ನಂಥ ದಡ್ಡನಿಗೆ ತಿಳಿಯೋ ಹಾಗೆ ಹೇಳಿ."

ಮಕ್ರಮ್‌ನ ದನಿಗೆ ಜೀವ ಬಂತು. "ಅಮಾಸಿಸ್ ಅಂತ ಒಬ್ಬ ಫೇರೋ. ಅವನ ಮಗ ಆರೇ ತಿಂಗಳು ಆಳಿದ ಅಂತ ಗ್ರೀಕರು ಬರೆದಿದ್ದಾರೆ. ನಮ್ಮ ಕಡೆ ಬರಹಗಳಲ್ಲಿ ಅದೇ ಮಗನ ಎರಡನೇ ವರ್ಷ ಅಂತಿದೆ. ಆರು ತಿಂಗಳು ಆಳಿದವನಿಗೆ ಎರಡನೇ ವರ್ಷ ಎಲ್ಲಿಂದ ಬಂತು? ಗ್ರೀಕರು ಸುಳ್ಳು ಅಂತ ಎಲ್ಲರೂ ನನ್ನ ನೋಡಿ ನಕ್ಕರು. ಇಪ್ಪತ್ತೆರಡು ವರ್ಷ ನಕ್ಕರು!"

"ಸುಳ್ಳಲ್ವಾ?"

"ಅಲ್ಲ. ದೊರೆ ಪಟ್ಟಕ್ಕೆ ಬಂದ ದಿನದಿಂದ ಹೊಸ ವರ್ಷದವರೆಗೆ ಒಂದೇ ದಿನ ಉಳಿದಿದ್ರೂ ಈಜಿಪ್ಟಿನವರು ಅದನ್ನ ಮೊದಲನೇ ವರ್ಷ ಅಂತಾರೆ. ಮರುದಿನದಿಂದಲೇ ಎರಡನೇದು. ಅಪ್ಪ ವರ್ಷದ ಕೊನೇ ದಿನ ಸತ್ತಿದ್ರೆ ಎರಡು ಲೆಕ್ಕವೂ ಸರಿ. ಈ ಹಾಳೆ ಅದನ್ನೇ ಹೇಳೋದು. ಕ್ರಿಸ್ತನಿಗಿಂತ ಇನ್ನೂರು ವರ್ಷ ಹಿಂದಿನ ಕೈಬರಹ. ಹಳೇ ರಾಜರ ಪಟ್ಟಿಯ ನಕಲು." ಬೆರಳಿನಿಂದ ಗಾಜನ್ನು ಮುಟ್ಟದೆ ಸಾಲು ತೋರಿಸುತ್ತಾ ಓದಿದ: "ಅಮಾಸಿಸ್ ದೊರೆ, ನಲವತ್ತನಾಲ್ಕನೆಯ ವರ್ಷ, ಕೂಡಿಸಿದ ದಿನಗಳಲ್ಲಿ ಆರನೆಯದು. ಅಂದು ಅಸುನೀಗಿದ, ಅಂದೇ ಮಗ ಗದ್ದುಗೆ ಏರಿದ."

"ಕೂಡಿಸಿದ ದಿನ ಅಂದ್ರೆ?"

"ಮೂವತ್ತು ದಿನದ ಹನ್ನೆರಡು ತಿಂಗಳಾದ ಮೇಲೆ ಉಳಿಯೋ ದಿನಗಳು, ಪಾಷಾ," ಎಂದಳು ಡೆಮಿಯಾನಾ. "ನಮ್ಮ ಚರ್ಚಿನ ಪಂಚಾಂಗದಲ್ಲಿ ಈಗಲೂ ಇದೆ. ಪುಟ್ಟ ತಿಂಗಳು ಅಂತೀವಿ. ಇವತ್ತೇ ಅದರ ಕೊನೇ ದಿನ."

"ಓ, ನಿಮ್ಮ ಹೊಸ ವರ್ಷ!" ತಲಾತ್ ನಕ್ಕ. "ಪಕ್ಕದ ಮನೆ ಉಮ್ ಮೀನಾ ಪ್ರತಿ ಸಲ ಕೆಂಪು ಖರ್ಜೂರ, ಸೀಬೆಹಣ್ಣು ಕಳಿಸ್ತಾಳೆ. ಹನ್ನೊಂದನೇ ತಾರೀಕು ಬೆಳಿಗ್ಗೆ ತಪ್ಪದೆ ಬರ್ತಿತ್ತು. ಇವತ್ತು ಬರ್ಲಿಲ್ಲ ಅಂತ ನನ್ನ ಹೆಂಡ್ತಿ ಕೇಳಿದ್ರೆ—ನಾಳೆ ಕಣೇ, ಈ ವರ್ಷ ಒಂದು ದಿನ ಜಾಸ್ತಿ ಅಂದಳಂತೆ. ನಾಲ್ಕು ವರ್ಷಕ್ಕೊಮ್ಮೆ ಹೀಗಂತೆ, ಹೌದಾ?"

"ಹೌದು. ಐದರ ಬದಲು ಆ—"

ಡೆಮಿಯಾನಾ ಮಾತು ನಿಲ್ಲಿಸಿದಳು.

ಮೂರು ವಾರದಿಂದ ಆ ಸಾಲನ್ನು ದಿನಕ್ಕೆ ಹತ್ತು ಸಲ ನೋಡಿದ್ದಳು. ಒಮ್ಮೆಯೂ ಕಣ್ಣಿಗೆ ಚುಚ್ಚಿರಲಿಲ್ಲ. ಹುಟ್ಟಿದಾಗಿನಿಂದ ಬಲ್ಲದ್ದು ಹೇಗೆ ಚುಚ್ಚೀತು? ತಪ್ಪಿದರೆ ಏನು ಗತಿ ಎಂದು ಒಂದು ಗಳಿಗೆ ಅಂಜಿದಳು. ಜೀಪಿನಿಂದ ತಿರುಗಿ ನೋಡಿದ ಮುಖ ನೆನಪಾಯಿತು. ಭೂತಗನ್ನಡಿ ತೆಗೆದುಕೊಂಡು ಚೌಕಟ್ಟಿನ ಮೇಲೆ ಬಾಗಿದಳು.

"ಏನು ಮಾಡ್ತಿದ್ದೀಯಾ ತಂಗಿ?" ಎಂದ ಮಕ್ರಮ್. "ಅದನ್ನ ನಾನೇ ಶುಚಿ ಮಾಡಿದ್ದೀನಿ ಅಂದೆನಲ್ಲ."

"ಹೌದು, ನನಗೆ ಮುಟ್ಟೋಕೇ ಬಿಡ್ಲಿಲ್ಲ." ಅವಳು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಪಾಷಾ, ಬರೆದ ಮೇಲೆ ಹಾಳೆ ಹರಿದ್ರೆ ಅಕ್ಷರವೂ ಹರಿಯುತ್ತೆ. ಇಲ್ಲಿ ಶಾಯಿ ಹರಿದ ನಾರಿನ ಒಳಕ್ಕೆ ಇಳಿದಿದೆ. ಹಾಳೆ ಹಳೇದು. ಹರಿದಾದ ಮೇಲೆ ಬರೆದಿದ್ದಾರೆ."

"ಯಾನಿ ಮೋಸ ಮಾಡಿರಬೇಕು!" ಮಕ್ರಮ್ ಕೂಗಿದ. "ಅವನ ಹತ್ರಾನೇ ಕೊಂಡದ್ದು!"

"ಯಾನಿ ಗ್ರೀಕರವನು. ಅವನ ಮನೇಲಿ ಪುಟ್ಟ ತಿಂಗಳು ಇಲ್ಲ. ಅವನು ಬರೆದಿದ್ರೆ ಪುಸ್ತಕ ನೋಡಿ ಬರೀತಿದ್ದ, ಐದು ಅಂತಿತ್ತು." ಅವಳು ತಲಾತ್ ಕಡೆ ತಿರುಗಿದಳು. "ಅಮಾಸಿಸ್ ಕಾಲದಲ್ಲಿ ಕೂಡಿಸಿದ ದಿನಗಳು ಐದೇ, ಪಾಷಾ. ಯಾವ ವರ್ಷವೂ ಆರಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರೋ ಆರನೇ ದಿನ ಇಲ್ಲಿ ನೆಲೆಯಾದದ್ದು ರೋಮನ್ನರು ಬಂದ ಮೇಲೆ. ದೊರೆ ಸತ್ತು ಐನೂರು ವರ್ಷಕ್ಕೆ. ಇಲ್ಲದ ದಿನ ದೊರೆ ಹೇಗೆ ಸಾಯ್ತಾನೆ? ಇದನ್ನ ಬರೆದೋನು ನಮ್ಮವನೇ. ಅಜ್ಜಿ ಮಡಿಲಲ್ಲಿ ಕೂತು ಪುಟ್ಟ ತಿಂಗಳ ಹಬ್ಬ ಮಾಡಿದೋನು. ಐದು ಅಂತ ಬರೆದ್ರೆ ಆರನೇದು ಉಳೀತಲ್ಲ ಅಂತ ಯಾರಾದ್ರೂ ಕೇಳಿಯಾರು ಅಂತ ಹೆದರಿ, ಆರು ಅಂತ ಬರೆದ. ತುಂಬಾ ಹುಷಾರಿನವನು."

"ನಕಲು ಮಾಡಿದವನು ರೋಮನ್ ಕಾಲದವನಿರಬಹುದು," ಎಂದ ಮಕ್ರಮ್.

"ರೋಮನ್ನರಿಗಿಂತ ಹಿಂದಿನ ಕೈಬರಹ ಅಂತ ಈಗ ತಾನೇ ಹೇಳಿದ್ರಿ."

ತಲಾತ್ ಕುರ್ಚಿ ಎಳೆದು ಕೂತ. "ಡಾಕ್ಟ್ರಮ್ಮಾ, ಹಾಳೆ ಸುಳ್ಳು. ಆಯ್ತು. ಕೊಲೆಗೂ ಇದಕ್ಕೂ ಏನು ಸಂಬಂಧ?"

"ಫೋನು." ಡೆಮಿಯಾನಾ ಭೂತಗನ್ನಡಿ ಕೆಳಗಿಟ್ಟಳು. "ಉಸ್ತಾದ್ ಲಬೀಬ್ ನಲವತ್ತು ವರ್ಷ ಪಾಠ ಹೇಳಿದ್ದು ಇದನ್ನೇ—ಈಜಿಪ್ಟಿನವರ ಕಾಲಗಣನೆ. ಡಾಕ್ಟರ್ ಮಕ್ರಮ್ ತಂದದ್ದು ಅಂತ ಮೂರು ವಾರ ಈ ಹಾಳೆ ಕಡೆ ತಿರುಗಿಯೂ ನೋಡಿರಲಿಲ್ಲ, ಬುಧವಾರ ನೋಡ್ತೀನಿ ಅಂದಿದ್ರು. ನೋಡಿದ ಗಳಿಗೆಯಲ್ಲೇ ಹಿಡಿದಿರ್ತಾರೆ. ಈ ಸಾಲನ್ನ ಮುತ್ತು ಅಂತ ಲೋಕದಲ್ಲಿ ಯಾರು ಬೇಕಾದ್ರೂ ಹೊಗಳಬಹುದು, ಅವರೊಬ್ಬರನ್ನ ಬಿಟ್ಟು. ಆರು ಗಂಟೆಗೆ ಆ ಫೋನ್ ಬರಲೇ ಇಲ್ಲ ಪಾಷಾ. ಆಗ ಉಸ್ತಾದ್ ಸತ್ತಿದ್ರು. ಬಾಗಿಲು ಹಾಕೋ ಮುಂಚೆ, ಎಲ್ಲರೂ ಹೋಗಿಬರೋ ಹೊತ್ತಲ್ಲೇ ಸತ್ತಿದ್ರು. ಕೊಂದವನು ದೀಪ ಆರಿಸಿ, ಮೆಟ್ಟಿಲು ಹತ್ತಿ, ಸಾಬಿರ್ ಕಾಕಾಗೆ ಸಲಾಂ ಹೇಳಿ ಹೊರಟುಹೋದ. ಕಾಕಾ ದೀಪದ ವಿಷಯ ಹೇಳಿದ್ದು ನಿಜ. ಡಾಕ್ಟರ್ ಮಕ್ರಮ್, ಸುಳ್ಳು ಹೇಳಿದ್ದು ನೀವು."

ಮಕ್ರಮ್ ತನ್ನ ಕೈಗಳನ್ನೇ ನೋಡುತ್ತಿದ್ದ.

"ಬಯ್ದಿದ್ರೆ ಸಹಿಸ್ಕೊಳ್ತಿದ್ದೆ," ಎಂದ ಕೊನೆಗೆ. "ಅವರು ನಕ್ಕರು. ಕನ್ನಡಕ ತೆಗೆದು, ಕಣ್ಣೊರೆಸ್ಕೊಂಡು ನಕ್ಕರು. ಏನಯ್ಯಾ ಮಕ್ರಮ್, ನಿಮ್ಮಜ್ಜಿ ಖರ್ಜೂರ ಹಂಚೋವರೆಗೂ ಪಾಪ ಫೇರೋ ಜೀವ ಹಿಡ್ಕೊಂಡಿದ್ನಾ ಅಂದ್ರು. ನಾಳೆ ಎಲ್ಲರಿಗೂ ಹೇಳ್ತೀನಿ ಅಂದ್ರು. ಗುಂಡು ಕೈಹತ್ರಾನೇ ಇತ್ತು."

ಪೊಲೀಸರಿಬ್ಬರು ಅವನ ತೋಳು ಹಿಡಿದರು. ಅವನು ಹಾಳೆಯ ಕಡೆ ಒಮ್ಮೆಯೂ ನೋಡದೆ ಮೆಟ್ಟಿಲು ಹತ್ತಿದ.

ತಲಾತ್ ಠಾಣೆಗೆ ಫೋನ್ ಮಾಡಿದ. ಕಾವಲುಗಾರನನ್ನು ಬಿಡಿ ಎಂದ. ಆ ಕಡೆಯವರು ಏನೋ ಹೇಳಿದರು. ಅವನು ಬೆನ್ನು ತಿರುಗಿಸಿ, ದನಿ ತಗ್ಗಿಸಿ ಕೇಳಿದ.

"ನಾನೇ ಹೋಗಿ ಕರ್ಕೊಂಡು ಬರ್ತೀನಿ," ಎಂದಳು ಡೆಮಿಯಾನಾ. "ಟ್ರಾಮಿನಲ್ಲಿ ನಾಲ್ಕು ನಿಲ್ದಾಣ ಅಷ್ಟೇ."

"ಟ್ರಾಮು ಬೇಡ ಡಾಕ್ಟ್ರಮ್ಮಾ. ಗಾಡಿ ಕಳಿಸ್ತೀನಿ. ಜೊತೆಗೆ ಇಬ್ಬರನ್ನ ಕಳಿಸ್ತೀನಿ. ಎತ್ತಿ ಕೂರಿಸ್ಬೇಕಾಗುತ್ತೆ."

"ಯಾಕೆ?"

ತಲಾತ್ ಮೇಜಿನ ಮೇಲಿದ್ದ ಟೋಪಿ ತೆಗೆದುಕೊಂಡ.

"ಯಾಕೆ ಪಾಷಾ? ನಿನ್ನೆ ಜೀಪಿಗೆ ಅವರೇ ಹತ್ತಿದ್ರಲ್ಲ?"