ಅರ್ಧ ಗಡ್ಡ

"ಅಪ್ಪ ಇಲ್ಲ," ಎಂದಳು ಬಟಾಣಿ, ಬಾಗಿಲನ್ನು ತನ್ನ ಮೂಗಿನಷ್ಟೇ ತೆರೆದು.

"ಎಲ್ಲಿ ಹೋದ?"

"ಊರಿಗೆ."

ಈ ಸುಳ್ಳು ಅವಳಿಗೀಗ ಮಗ್ಗಿಯ ಹಾಗೆ ಬಾಯಿಪಾಠ. ಅಮ್ಮ ತೀರಿಕೊಂಡ ಮೇಲೆ ಅಪ್ಪ ತನ್ನ ಸಲೂನಿನ ಶಟರ್ ಎತ್ತಿರಲಿಲ್ಲ. "ಯಾರು ಬಂದ್ರೂ ಇಲ್ಲ ಅನ್ನು" ಎಂದು ಗೋಡೆಯ ಕಡೆ ತಿರುಗಿ ಮಲಗಿದವನು, ಆಮೇಲೆ ಮಾತೇ ಆಡಲಿಲ್ಲ. ಪಕ್ಕದ ಮನೆಯವರು ಬಂದರು, ಟೀಚರ್ ಬಂದರು, ಕೂದಲು ಕಿವಿ ಮುಚ್ಚಿದ ಗಿರಾಕಿಗಳು ಬಂದರು. ಬಟಾಣಿ ಎಲ್ಲರನ್ನೂ ಅಚ್ಚುಕಟ್ಟಾಗಿ ಸಾಗಹಾಕಿದಳು. ಈಗ ಯಾರೂ ಬರುತ್ತಿರಲಿಲ್ಲ.

ಶಾಲೆಯಿಂದ ಬಂದ ಕೂಡಲೇ ಅವಳು ನೋಡುತ್ತಿದ್ದುದು ಅಪ್ಪನ ಬೆನ್ನನ್ನು. ಉಸಿರಿಗೆ ಅದು ಏಳುತ್ತಿದೆಯೇ ಎಂದು.

ಇವತ್ತು ಬಾಗಿಲಲ್ಲಿ ನಿಂತವನು ಎದುರಂಗಡಿ ಮಾಮ. ಅವನದೂ ಸಲೂನೇ. "ಅವನು ಕಟಿಂಗ್ ಮಾಡಿದ್ರೆ ತಲೆ ಇಲಿ ಮೇಯ್ದ ಹಾಗಿರುತ್ತೆ" ಎಂದು ಅಪ್ಪ ಹೇಳುತ್ತಿದ್ದ. ಇಬ್ಬರೂ ಮಾತು ಬಿಟ್ಟಿದ್ದರು.

ಮಾಮ ಬಟಾಣಿಯ ಮುಖ ನೋಡಲಿಲ್ಲ. ಬಾಗಿಲ ಸಂದಿಯಿಂದ ಒಳಗಿನ ನೆಲ ನೋಡಿದ.

"ಚಪ್ಪಲಿ ಇಲ್ಲೇ ಇದೆಯಲ್ಲೇ. ಬರಿಗಾಲಲ್ಲಿ ಹೋದ್ನಾ ಊರಿಗೆ?"

ಬಟಾಣಿ ಕಾಲಿನಿಂದ ಚಪ್ಪಲಿಯನ್ನು ಬಾಗಿಲ ಹಿಂದಕ್ಕೆ ತಳ್ಳಿದಳು. ಮಾಮ ಅಡ್ಡಡ್ಡ ತೂರಿಕೊಂಡು ಒಳಗೆ ಬಂದ.

ಅಪ್ಪನಿಗೆ ಧೈರ್ಯ ತಗೋ ಎನ್ನಲಿಲ್ಲ. ಮಗಳ ಮುಖ ನೋಡು ಎನ್ನಲೂ ಇಲ್ಲ. "ಒಂದು ಮಗ್ ಬಿಸಿನೀರು ಕೊಡಮ್ಮ" ಎಂದ. ಜೇಬಿನಿಂದ ತನ್ನ ಬ್ರಷ್, ರೇಜರ್ ತೆಗೆದಿಟ್ಟು, ಅಪ್ಪನನ್ನು ಎಬ್ಬಿಸಿ ಕೂರಿಸಿ, ಕೊರಳಿಗೆ ಟವೆಲ್ ಸುತ್ತಿದ. ಅಪ್ಪ ಮೂಟೆಯ ಹಾಗೆ ಕೂತ. ಬ್ರಷ್ ಆಡಿತು, ನೊರೆ ಎದ್ದಿತು.

ನೊರೆಯ ನಡುವೆ ಕಣ್ಣಿನಿಂದ ಒಂದು ಗೆರೆ ಇಳಿಯಿತು. ಬಟಾಣಿ ನೋಡಿದಳು. ಮಾಮನೂ ನೋಡಿದ. ಅದರ ಮೇಲೆ ಇನ್ನಷ್ಟು ನೊರೆ ಹಚ್ಚಿ ರೇಜರ್ ಎತ್ತಿಕೊಂಡ.

ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಅಪ್ಪ ಬಾಯಿ ಬಿಟ್ಟ.

"ಬ್ಲೇಡ್ ಮೊಂಡು."

"ನಿನ್ನ ಗಡ್ಡ ತಂತಿ."

ಅಷ್ಟೇ. ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಮಾಮ ಒತ್ತಾಯ ಮಾಡಲಿಲ್ಲ. ರೇಜರ್ ತೊಳೆದು ಕಿಟಕಿಯಲ್ಲಿಟ್ಟ. ಪಕ್ಕದಲ್ಲಿ ಬ್ರಷ್ಷನ್ನೂ ಇಟ್ಟ.

"ಮಾಮಾ, ಇನ್ನೊಂದು ಕಡೆ?"

"ನಾಳೆ."

"ಅರ್ಧ ಗಡ್ಡ ಯಾರಾದ್ರೂ ಬಿಡ್ತಾರಾ?"

"ನಂಗೆ ಕೆಲಸ ಬರಲ್ಲ ಅಂತ ನಿಮ್ಮಪ್ಪ ಹೇಳಿಲ್ವಾ?" ಎಂದು ಮಾಮ ಬರಿಗೈಯಲ್ಲಿ ಹೊರಟುಹೋದ.

ಬಟಾಣಿ ಬ್ರೆಡ್ ತಂದಿಟ್ಟಳು. ಅಪ್ಪ ಮುಟ್ಟಲಿಲ್ಲ. ಅವನ ಬೆನ್ನು ಏಳುತ್ತಿತ್ತು, ಇಳಿಯುತ್ತಿತ್ತು.

ಅಭ್ಯಾಸದಂತೆ ಚಿಲಕ ಹಾಕಲು ಹೋದವಳು ಕಿಟಕಿಯ ಕಡೆ ನೋಡಿದಳು. ಬ್ರಷ್ಷಿನಲ್ಲಿ ನೊರೆ ಇನ್ನೂ ಆರಿರಲಿಲ್ಲ.

ಚಿಲಕದಿಂದ ಕೈ ತೆಗೆದಳು. ಅಪ್ಪನ ಚಪ್ಪಲಿಯನ್ನು ಹೊಸ್ತಿಲಾಚೆ, ಬೀದಿಗೆ ಕಾಣುವ ಹಾಗೆ ಜೋಡಿಸಿಟ್ಟಳು.