ತಂತಿ ಕಂಬದ ಹೀರೆ ಬಳ್ಳಿ

"ಆ ಬಳ್ಳಿಗೆ ಕುಡ್ಲು ತಾಕ್ಸೀರಾ, ಜ್ವಾಕೆ!"

ತಾಂಡ್ಯದ ರೈಲ್ವೆ ಗೇಟಿನ ಬಳಿ ತಂತಿ ಕಂಬಕ್ಕೆ ಏಣಿ ಹಾಕಿ, ಕುಡುಗೋಲು ಹಿಡಿದು ನಿಂತಿದ್ದ ಯುವಕ ಬೆಚ್ಚಿ ಕೆಳಗೆ ನೋಡಿದ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು, ಗೇಟು ಕಾಯುವ ದೊಡ್ಡಸಿದ್ದಯ್ಯನ ಮಗಳು ಮಲ್ಲಾಜಮ್ಮ. ಅಬ್ಬಾ, ಆ ಕಣ್ಣು!

"ನಿಮ್ ಈರೆ ಬಳ್ಳಿ ತಂತಿ ಮುಟ್ಟೈತೆ ಕಣವ್ವ. ಇಬ್ಬನಿ ಬಿದ್ರೆ ಮೈಸೂರಿನ ಸುದ್ದಿ ನಂಜನಗೂಡು ಸ್ಟೇಷನ್ ಮುಟ್ಟಾಕಿಲ್ಲ. ಒದ್ದೆ ಎಲೆ ಇಡ್ಕೊಂಡು ಮಣ್ಣಿಗೇ ಇಳ್ದೋಯ್ತದೆ."

"ಊವು ಬಿಟ್ಟೈತೆ… ಈಗ ಕುಯ್ತಾರಾ?"

ಟೆಲಿಗ್ರಾಫ್ ತಂತಿ ರಿಪೇರಿಯ ಬೆಟ್ಟಸ್ವಾಮಿ, ಮೂಗೂರಿನವನು, ಕುಡುಗೋಲನ್ನು ಏಣಿಗೆ ಸಿಕ್ಕಿಸಿದ. ಆಮೇಲೆ ಕುಡಿ ಮುರಿಯದ ಹಾಗೆ ಬಳ್ಳಿಯನ್ನು ಒಂದೊಂದೇ ಸುತ್ತು ಬಿಡಿಸಿ ಬೇಲಿಗೆ ಹಬ್ಬಿಸಿದ. ಅಷ್ಟಕ್ಕೇ ಅವಳ ಮನಸ್ಸು ಸೋತುಹೋಯಿತು.

ಹದಿನೈದು ದಿನಕ್ಕೆ ಬಳ್ಳಿ ಮತ್ತೆ ತಂತಿ ಮುಟ್ಟಿತು. ಅವನು ಬಂದ, ಬಿಡಿಸಿದ, ಮಜ್ಜಿಗೆ ಕುಡಿದು ನಕ್ಕು ಹೋದ. ಮೂರನೇ ಸಲವೂ ಅದೇ ಕತೆ. ಕುಡಿಯನ್ನು ಬೇಲಿಯಿಂದ ಕಂಬಕ್ಕೆ ತಿರುಗಿಸುತ್ತಿದ್ದವರು ಯಾರೆಂದು ಬೇರೆ ಹೇಳಬೇಕೇ? ಕಳ್ಳಿ!

ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ ಅಪ್ಪ ಹೇಳಿದ, "ಇನ್ನೊಂದ್ ಸಲ ತಂತಿ ನಿಂತ್ರೆ ಬೆಟ್ಟಸ್ವಾಮೀನ ಕೆಲ್ಸದಿಂದ ತೆಗೀತಾರಂತೆ."

ಬಡಿಸುತ್ತಿದ್ದ ಮಲ್ಲಾಜಮ್ಮ ಸೌಟು ಕೆಳಗಿಟ್ಟಳು. 'ಅಯ್ಯೋ ಶಿವನೇ, ನನ್ನ ಆಸೆಗೆ ಅವರ ಅನ್ನ ಕಿತ್ತುಕೊಂಡೆನಾ!'

ತಾನೇ ನೆಟ್ಟ ಬಳ್ಳಿಯನ್ನು, ಹೂವಿದ್ದ ಹಾಗೆಯೇ, ಬುಡಕ್ಕೆ ಕೊಯ್ದಳು. ಅತ್ತಳು. ತಂತಿ ಸರಿಹೋಯಿತು… ಅವನು ಬರಲಿಲ್ಲ. ಒಂದು ತಿಂಗಳು!

ಆಮೇಲೊಂದು ದಿನ ಏಣಿಯಿಲ್ಲದೆ, ಬರಿಗೈಯಲ್ಲಿ ಬಂದ. ಮುಖ ಬಾಡಿತ್ತು.

"ರೈಲಿನ್ ಕಿಟಕೀಲಿ ನೋಡ್ದೆ. ಬುಡಕ್ಕೇ ಕುಯ್ದಿದ್ದೀರಿ. ನಾನ್ ಬರೋದು ಬ್ಯಾಡ ಅಂತಾನಾ?"

"ಅಲ್ಲಾ ಕಣ್ರೀ…" ಅವಳು ಕೊಯ್ದ ಬುಡದತ್ತ ನೋಡಿದಳು. "ನಿಮ್ ಕೆಲ್ಸ ಉಳೀಲಿ ಅಂತ. ಕಂಬಕ್ಕೆ ಅಬ್ಬಿಸ್ತಿದ್ದೋಳೂ ನಾನೇ… ನೀವು ಬರ್ಲಿ ಅಂತ!"

ಬೆಟ್ಟಸ್ವಾಮಿ ಬೆರಗಾಗಿ ನಿಂತ. ನಿಧಾನವಾಗಿ ನಗು ಮೂಡಿತು. ಜೇಬಿನಿಂದ ಪುಟ್ಟ ಗಂಟೊಂದನ್ನು ತೆಗೆದು ಅವಳ ಅಂಗೈಗಿಟ್ಟ. ಹೀರೆ ಬೀಜ!

"ನಿಮ್ ಬಳ್ಳಿ ಕತೆ ಕೇಳಿ ನಮ್ಮವ್ವ ಕೊಟ್ಳು. ಬ್ಯಾಡ ಅಂದ್ರೂ ಒಂದ್ ಸಲ ಕೇಳ್ಬುಡಾನ ಅಂತ ಬಂದೆ. ಮೂಗೂರಲ್ಲಿ ನಮ್ಮನೆ ಇತ್ಲಲ್ಲಿ ಈ ಬೀಜ ಆಕ್ತೀಯಾ ಮಲ್ಲಾಜಿ? ಅಲ್ಲಿ ತಂತಿ ಕಂಬ ಇಲ್ಲ."

ಅವಳು ಕಣ್ಣೊರೆಸಿಕೊಂಡು ಕೊಂಕಾಗಿ ಕೇಳಿದಳು, "ಕಂಬಾನೇ ಇಲ್ದಿದ್ರೆ ನೀವ್ ಎಂಗ್ ಬತ್ತೀರಿ?"

"ಬರೋದೇನ್ ಬಂತು… ನಾನ್ ಅಲ್ಲೇ ಇರ್ತೀನಲ್ಲ!"